ದೋಣಿಯ ಬಚ್ಚಲ ಮೋರಿ

ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುವುದೆಂದು ಮನೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಬಚ್ಚಲಿನ ಮೂಲೆಯಲ್ಲಿ ಒಂದು ತೂತು ಇದೆ. ನೀರು ಅದರೊಳಕ್ಕೆ ಇಳಿಯುವುದು. ಅಲ್ಲಿಗೆ ನಮಗೂ ಅದಕ್ಕೂ ಇದ್ದ ಸಂಬಂಧ ತೀರಿತು. ಕೊಳಾಯಿಯಲ್ಲಿ ಒಂದು ದಿನ ನೀರು ಬಾರದಿದ್ದರೆ ಬೀದಿಗೆಲ್ಲ ಕೇಳುವಂತೆ ದೂರುವ ನಾವು, ಬಳಸಿದ ನೀರು ಹೊರಟುಹೋಗುವ ದಾರಿಯ ವಿಷಯದಲ್ಲಿ ಪೂರ್ತಿ ನಿಶ್ಚಿಂತರು. ಮೋರಿಯೆಂದರೆ ನಮ್ಮ ಮನಸ್ಸಿನಲ್ಲಿ ಒಮ್ಮುಖವಾದ ದಾರಿ. ಒಳಗಿನದು ಹೊರಕ್ಕೆ ಹೋಗಬಹುದಲ್ಲದೆ ಹೊರಗಿನದು ಒಳಕ್ಕೆ ಬರುವಂತಿಲ್ಲ.

ಈ ನಂಬಿಕೆ ಎಷ್ಟು ಟೊಳ್ಳೆಂಬುದನ್ನು ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ವಾಸವಾಗಿರುವವರು ಬಲ್ಲರು. ಜಡಿಮಳೆ ಸುರಿದು ರಾಜಕಾಲುವೆ ತುಂಬಿದ ರಾತ್ರಿ, ಬಾಗಿಲು ಭದ್ರವಾಗಿ ಮುಚ್ಚಿದ್ದರೂ ಬಚ್ಚಲ ತೂತಿನಿಂದಲೇ ಕೊಳಕು ನೀರು ಉಕ್ಕಿ ನಡುಮನೆಗೆ ಹರಿಯುವುದುಂಟು. ಮೋರಿ ಕೆಟ್ಟಿತೆಂದು ಜನರು ಗೊಣಗುವರು. ಆದರೆ ಮೋರಿ ಕೆಟ್ಟಿಲ್ಲ. ಹೊರಗಣ ನೀರಿನ ಮಟ್ಟವು ಒಳಗಣ ನೆಲದ ಮಟ್ಟವನ್ನು ಮೀರಿತು. ಕೊಳವೆಯು ತನ್ನ ಸ್ವಭಾವದಂತೆ ನಡೆದುಕೊಂಡಿತು, ಅಷ್ಟೆ.

ಮನೆಗೆ ಎಂದೋ ಒಂದು ದಿನ ಒದಗುವ ಈ ಸ್ಥಿತಿಯಲ್ಲಿ ದೋಣಿಯು ತನ್ನ ಆಯುಸ್ಸನ್ನೆಲ್ಲ ಕಳೆಯುವುದು. ಅದರ ನೆಲವು ಯಾವಾಗಲೂ ಹೊರಗಣ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಹೀಗಿದ್ದೂ ದೂರ ಪ್ರಯಾಣದ ದೋಣಿಗಳಲ್ಲಿ ಅಡಿಗೆಮನೆಯುಂಟು, ಪಾತ್ರೆ ತೊಳೆಯುವ ಸಿಂಕು ಉಂಟು, ಆ ನೀರು ಹೊರಕ್ಕೆ ಹೋಗಲೆಂದು ದೋಣಿಯ ಒಡಲಿನಲ್ಲಿ ಕೊರೆದ ತೂತುಗಳೂ ಉಂಟು. ತೇಲಬೇಕಾದ ವಸ್ತುವಿಗೆ ಮನುಷ್ಯನು ತಾನೇ ತೂತು ಕೊರೆದು, ಅದರೊಳಗೆ ಮಲಗಿ ನಿದ್ದೆಹೋಗುವನು! ಇದು ಹುಚ್ಚುಸಾಹಸವಲ್ಲವೆ? ತಿಳಿದು ಮಾಡಿದರೆ ಅಲ್ಲ. ತಿಳಿಯದೆ ಮಾಡಿದರೆ ಹೌದು.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ. ನೀರನ್ನು ಹೊರಕ್ಕೆ ಬಿಡುವ ಪ್ರತಿಯೊಂದು ದಾರಿಯೂ ನೀರನ್ನು ಒಳಕ್ಕೆ ತರಬಲ್ಲ ದಾರಿಯೇ ಆಗಿದೆ. ಯಾವ ದಿಕ್ಕಿಗೆ ಹರಿಯಬೇಕೆಂಬುದನ್ನು ತೀರ್ಮಾನಿಸುವುದು ಮಟ್ಟಗಳು. ಕೊಳವೆಯನ್ನು ಜೋಡಿಸಿದವನ ಉದ್ದೇಶವಲ್ಲ. ಇದನ್ನು ಅರಿಯುವ ಹೊಣೆಯು ಕೊಳಾಯಿ ಕೆಲಸದವನೊಬ್ಬನದಲ್ಲ, ಬಳಸುವ ಪ್ರತಿಯೊಬ್ಬರದು.

ಕಾರವಾರ, ಮಲ್ಪೆ, ಮಂಗಳೂರುಗಳ ವಾಚಕರನ್ನು ಬಿಟ್ಟರೆ ಉಳಿದವರಲ್ಲಿ ಅನೇಕರು ಸಮುದ್ರದ ದೋಣಿಯನ್ನು ಚಿತ್ರದಲ್ಲಲ್ಲದೆ ಕಂಡಿರಲಾರರು. ಅವರಿಗೆ ಈ ಮಾತಿನಿಂದ ಏನು ಪ್ರಯೋಜನವೆಂದು ಕೇಳಬಹುದು. ೨೦೧೭ರ ಸೆಪ್ಟೆಂಬರಿನಲ್ಲಿ ಭಾರತೀಯ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ, ೨೦೧೮ರ ಮೇ ತಿಂಗಳಿನಲ್ಲಿ ಗೋವೆಗೆ ಹಿಂದಿರುಗಿದರು. ಅವರ ದಾರಿಯಲ್ಲಿ ವಾರಗಟ್ಟಲೆ ನೆಲವೇ ಕಾಣದ ಸಾಗರಗಳಿದ್ದುವು. ನಡುಗಡಲಿನಲ್ಲಿ ಕೊಳವೆಯೊಂದು ಸಡಿಲಿದರೆ ರಿಪೇರಿಯವನಿಗೆ ಹೇಳಿಕಳುಹಿಸುವಂತಿಲ್ಲ. ದೋಣಿಯಲ್ಲಿರುವವರೇ ಅಡಿಗೆಯವರು, ಅವರೇ ನಾವಿಕರು, ಅವರೇ ಕೊಳಾಯಿ ಕೆಲಸದವರು. ಇಂದಿನ ವಿದ್ಯಾರ್ಥಿಗಳಲ್ಲಿ ಯಾರು ನಾಳೆ ಇಂತಹ ದೋಣಿಯನ್ನೇರುವರೋ ಬಲ್ಲವರಾರು? ಏರದವರಿಗೂ ಮನೆಯಲ್ಲಿ ಒಂದು ಬಚ್ಚಲಿದ್ದೇ ಇರುವುದು.

ಸುಮಾರು ಹತ್ತು ಮೀಟರು ಉದ್ದದ ಹಾಯಿದೋಣಿಯೊಂದನ್ನು ಭಾವಿಸೋಣ. ಅದರ ಅಡಿಗೆಮನೆಯ ಸಿಂಕಿನ ತಳವು ಹೊರಗಣ ನೀರಿನ ಮಟ್ಟಕ್ಕಿಂತ, ಎಂದರೆ ಜಲರೇಖೆಗಿಂತ, ಸ್ವಲ್ಪ ಮೇಲಿರುವುದು. ಸಿಂಕಿನ ತೂತಿನಿಂದ ಒಂದು ಗಟ್ಟಿಯಾದ ರಬ್ಬರು ಕೊಳವೆಯು ಕೆಳಕ್ಕಿಳಿದು, ಒಡಲನ್ನು ಭೇದಿಸಿ ಹೊರಗೆ ತೆರೆದುಕೊಳ್ಳುವ ಲೋಹದ ಕಂಠವೊಂದನ್ನು ಸೇರುವುದು. ಅನೇಕ ದೋಣಿಗಳಲ್ಲಿ ಈ ಕಂಠವು ಜಲರೇಖೆಗಿಂತ ಕೆಳಗಿರುತ್ತದೆ. ಕೊಳವೆಗೂ ಕಂಠಕ್ಕೂ ನಡುವೆ ಒಂದು ತಿರುಗಣೆಯುಳ್ಳ ಕವಾಟವಿರುವುದು. ನಾವಿಕರು ಇದನ್ನು ಸೀಕಾಕ್ ಎಂದು ಕರೆಯುವರು. ಇಂದು ಬಳಕೆಯಲ್ಲಿರುವ ಗೋಲಕವಾಟಗಳಲ್ಲಿ ಹಿಡಿಯು ಕೊಳವೆಯ ನೇರಕ್ಕಿದ್ದರೆ ದಾರಿ ತೆರೆದಿದೆಯೆಂದೂ ಅಡ್ಡಲಾಗಿದ್ದರೆ ಮುಚ್ಚಿದೆಯೆಂದೂ ತಿಳಿಯಬೇಕು. ಸಿಂಕು, ಕೊಳವೆ, ಕವಾಟ, ಕಂಠ ಇವು ನಾಲ್ಕೇ ಅಂಗಗಳು. ಇದಕ್ಕಿಂತ ಸರಳವಾದ ಯಂತ್ರವನ್ನು ಕಾಣುವುದು ಕಷ್ಟ.

ತೂತು ನೀರಿನೊಳಗಿದೆ, ಕವಾಟವು ತೆರೆದಿದೆ. ಆದರೂ ಸಮುದ್ರವು ಒಳಕ್ಕೆ ನುಗ್ಗುವುದಿಲ್ಲವೇಕೆ? ನುಗ್ಗುವುದು, ಆದರೆ ತನ್ನ ಮಟ್ಟದವರೆಗೆ ಮಾತ್ರ. ಪರಸ್ಪರ ಸಂಪರ್ಕವುಳ್ಳ ಪಾತ್ರೆಗಳಲ್ಲಿ ನಿಶ್ಚಲವಾದ ದ್ರವವು ಒಂದೇ ಮಟ್ಟದಲ್ಲಿ ನಿಲ್ಲುವುದೆಂದು ವಿದ್ಯಾರ್ಥಿಗಳು ಓದಿರುವರು. ಇಲ್ಲಿ ಒಂದು ಪಾತ್ರೆಯು ಸಮುದ್ರ; ಇನ್ನೊಂದು ಬೆರಳು ದಪ್ಪದ ಕೊಳವೆ. ಪಾತ್ರೆ ಎಷ್ಟೇ ದೊಡ್ಡದಾಗಿರಲಿ, ಒತ್ತಡವು ಆಳವನ್ನು ಅನುಸರಿಸುವುದೇ ಹೊರತು ನೀರಿನ ಮೊತ್ತವನ್ನಲ್ಲ. ಈ ಆಶ್ಚರ್ಯಕರವಾದ ತತ್ತ್ವವನ್ನು ಹಾಲೆಂಡಿನ ಸೈಮನ್ ಸ್ಟೆವಿನ್ ೧೫೮೬ರಲ್ಲೇ ವಿವರಿಸಿದನು. ಆದುದರಿಂದ ಇಡೀ ಸಮುದ್ರವು ಕೊಳವೆಯೊಳಗಿನ ಒಂದು ಸೇರು ನೀರಿನೊಡನೆ ಸಮತೋಲದಲ್ಲಿ ನಿಲ್ಲುವುದು. ಸಿಂಕಿಗೆ ನೀರು ಸುರಿದಾಗ ಕೊಳವೆಯೊಳಗಣ ಮಟ್ಟವು ಹೊರಗಣ ಮಟ್ಟವನ್ನು ಮೀರುವುದು. ಮೀರಿದಷ್ಟು ನೀರು ಹೊರಕ್ಕೆ ಹೋಗುವುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಗಲವಾದ ಒಂದು ತಗಡಿನ ಡಬ್ಬಿಯ ತಳದ ನಡುವೆ ತೂತು ಕೊರೆದು, ಅದರಲ್ಲಿ ಒಂದು ಸಣ್ಣ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಸುತ್ತಲೂ ಮೇಣವನ್ನು ಬಿಗಿಯಾಗಿ ಮೆತ್ತಬೇಕು. ಕೊಳವೆಯ ಮೇಲ್ತುದಿಯು ಡಬ್ಬಿಯ ಅಂಚಿಗಿಂತ ಎರಡು ಬೆರಳಷ್ಟು ಕೆಳಗಿರಲಿ. ನಾಲ್ಕು ಬೆಣಚುಕಲ್ಲುಗಳನ್ನು ಒಳಗಿಟ್ಟು ಡಬ್ಬಿಯನ್ನು ಬಕೇಟಿನ ನೀರಿನಲ್ಲಿ ತೇಲಿಬಿಡಿರಿ. ತಳದಲ್ಲಿ ತೂತಿದ್ದರೂ ಡಬ್ಬಿ ತೇಲುವುದು. ಕೊಳವೆಯಲ್ಲಿ ನೀರು ಹೊರಗಣ ಮಟ್ಟದವರೆಗೆ ಏರಿ ನಿಲ್ಲುವುದು. ಕೊಳವೆಯ ಬಾಯಿಗೆ ಹನಿಹನಿಯಾಗಿ ನೀರನ್ನು ಬಿಟ್ಟರೆ ಅದು ಕೆಳಗಿನಿಂದ ಬಕೇಟಿಗೆ ಸೇರುವುದು. ಈಗ ಕಲ್ಲುಗಳನ್ನು ಒಂದೊಂದಾಗಿ ಹೆಚ್ಚಿಸಿರಿ. ಡಬ್ಬಿಯು ತಗ್ಗುತ್ತ ಹೋಗಿ, ಕೊಳವೆಯ ಮೇಲ್ತುದಿಯು ಹೊರಗಣ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಾದೊಡನೆ ನೀರು ಒಳಕ್ಕೆ ಉಕ್ಕತೊಡಗುವುದು. ಡಬ್ಬಿಯ ಅಂಚು ಇನ್ನೂ ನೀರಿನ ಮೇಲೆಯೇ ಇದೆ. ಆದರೂ ಸ್ವಲ್ಪ ಹೊತ್ತಿನಲ್ಲಿ ಅದು ಮುಳುಗಿಹೋಗುವುದು.

ಈ ಡಬ್ಬಿಯ ಕಥೆಯೇ ದೋಣಿಯ ಕಥೆ. ಸಿಂಕಿನ ತಳವು ಹೊರಗಣ ಮಟ್ಟಕ್ಕಿಂತ ಮೇಲಿರುವವರೆಗೆ ಅದು ಬಚ್ಚಲು. ಕೆಳಗಾದ ಕ್ಷಣವೇ ಅದು ಕಾರಂಜಿ. ಆದರೆ ದೋಣಿಯಲ್ಲಿ ಮಟ್ಟವೆಂಬುದು ಎಂದಾದರೂ ಸ್ಥಿರವಾಗಿ ನಿಲ್ಲುವುದೆ? ಹಾಯಿಗೆ ಗಾಳಿ ತುಂಬಿದೊಡನೆ ದೋಣಿಯು ಒಂದು ಮಗ್ಗುಲಿಗೆ ವಾಲುವುದು. ಹದಿನೈದು ಇಪ್ಪತ್ತು ಡಿಗ್ರಿಗಳಷ್ಟು ವಾಲಿಕೊಂಡೇ ಗಂಟೆಗಟ್ಟಲೆ ಸಾಗುವುದು ಹಾಯಿದೋಣಿಗೆ ಸಹಜವಾದ ಸ್ಥಿತಿ. ಸಿಂಕು ದೋಣಿಯ ಮಧ್ಯರೇಖೆಯಿಂದ ೧.೨ ಮೀಟರು ಪಕ್ಕಕ್ಕಿದೆ, ಅದರ ತಳವು ಜಲರೇಖೆಗಿಂತ ೩೦ ಸೆಂಟಿಮೀಟರು ಮೇಲಿದೆ ಎಂದಿಟ್ಟುಕೊಳ್ಳೋಣ. ಜಲರೇಖೆಯ ಮಟ್ಟದಲ್ಲಿ ಮಧ್ಯರೇಖೆಯೇ ಅಕ್ಷವಾಗಿ ದೋಣಿ ವಾಲುವುದೆಂದು ಎಣಿಸಿದರೆ, ಎಷ್ಟು ಡಿಗ್ರಿ ವಾಲಿದಾಗ ಸಿಂಕಿನ ತಳವು ನೀರಿನ ಮಟ್ಟಕ್ಕೆ ಬರುವುದು? ೩೦ನ್ನು ೧೨೦ರಿಂದ ಭಾಗಿಸಿದರೆ ಕಾಲು ಬರುವುದು. ಸ್ಪರ್ಶಕ ಮೌಲ್ಯವು ಕಾಲು ಆಗಿರುವ ಕೋನವು ಸುಮಾರು ೧೪ ಡಿಗ್ರಿ. ಎಂದರೆ ಸಾಧಾರಣವಾದ ಗಾಳಿಯಲ್ಲಿಯೇ ಆ ಸಿಂಕಿನಿಂದ ಸಮುದ್ರವು ಒಳಕ್ಕೆ ಹರಿಯುವುದು!

ಅದೇ ಸಿಂಕನ್ನು ಮಧ್ಯರೇಖೆಯಿಂದ ಕೇವಲ ೩೦ ಸೆಂಟಿಮೀಟರು ದೂರದಲ್ಲಿಟ್ಟರೆ ಆ ಕೋನವು ೪೫ ಡಿಗ್ರಿಯಾಗುವುದು. ಸಿಂಕಿನ ಎತ್ತರವನ್ನು ಒಂದಿಷ್ಟೂ ಹೆಚ್ಚಿಸದೆ, ಅದನ್ನು ನಡುವಿಗೆ ಸರಿಸಿದ ಮಾತ್ರದಿಂದಲೇ ಇಷ್ಟು ಭದ್ರತೆ ದೊರೆಯಿತು. ಒಳ್ಳೆಯ ವಿನ್ಯಾಸಕಾರರು ಸಿಂಕನ್ನು ಮಧ್ಯರೇಖೆಯ ಹತ್ತಿರ ಇಡಬಯಸುವುದು ಅಂದಕ್ಕಾಗಿಯಲ್ಲ, ಈ ಲೆಕ್ಕಕ್ಕಾಗಿ. ಪಕ್ಕದಲ್ಲೇ ಇಡಬೇಕಾಗಿ ಬಂದಾಗ, ಪ್ರಯಾಣ ಹೊರಡುವ ಮೊದಲು ಕವಾಟವನ್ನು ಮುಚ್ಚುವ ಅಭ್ಯಾಸವೇ ಉಪಾಯ. ಇಲ್ಲೊಂದು ಮೋಸವೂ ಅಡಗಿದೆ. ದೋಣಿಯು ಸಿಂಕಿಲ್ಲದ ಕಡೆಗೆ ವಾಲಿರುವಾಗ ಸಿಂಕು ಮೇಲೆದ್ದು ನೀರೆಲ್ಲ ಸೊಗಸಾಗಿ ಹೊರಹೋಗುವುದು. ದಿನವೆಲ್ಲ ಹೀಗೆ ಸಾಗಿ ಎಲ್ಲವೂ ಸರಿಯಾಗಿದೆಯೆಂದು ನಂಬಿದವನು, ಸಂಜೆ ದಿಕ್ಕು ಬದಲಿಸಿದಾಗ ಅದೇ ಕೊಳವೆ ತಿರುಗಿ ಬೀಳುವುದನ್ನು ಕಾಣುವನು.

ಕಂಠವನ್ನು ಜಲರೇಖೆಯ ಮೇಲಿಟ್ಟರೆ ಈ ತೊಂದರೆಯೇ ಇಲ್ಲವಲ್ಲ ಎಂದು ಕೆಲವರು ವಾದಿಸುವರು. ಅನೇಕ ದೋಣಿಗಳಲ್ಲಿ ಹಾಗೆಯೇ ಇಡುವುದೂ ಉಂಟು. ನೀರೊಳಗಿನ ತೂತು ಒಂದು ಕಡಿಮೆಯಾದುದು ಲಾಭವೇ ಸರಿ. ಆದರೆ ಜಲರೇಖೆಯೆಂಬುದು ದೋಣಿಗೆ ಬಳಿದ ಬಣ್ಣದ ಗೆರೆಯಲ್ಲ. ಸಾಮಾನು ತುಂಬಿದರೆ ಅದು ಮೇಲೇರುವುದು. ವಾಲಿದರೆ ಒಂದು ಮಗ್ಗುಲಲ್ಲಿ ಏರುವುದು. ಅಲೆ ಬಂದಾಗ ಕ್ಷಣಕ್ಷಣಕ್ಕೂ ಬದಲಾಗುವುದು. ಕಟ್ಟೆಯ ಬಳಿ ನಿಂತಾಗ ಮೇಲಿದ್ದ ತೂತು ಕಡಲಿನಲ್ಲಿ ಕೆಳಗಿರಬಹುದು. ಆದುದರಿಂದ ‘ಇದು ನೀರಿನ ಮೇಲಿದೆ’ ಎಂಬ ನೆಮ್ಮದಿಯಿಂದ ಕವಾಟವನ್ನೇ ಇಡದಿರುವುದನ್ನು ನಾವು ಒಪ್ಪಲಾರೆವು.

ಕೊಳವೆಯು ಕಂಠದಿಂದ ಕಳಚಿಬಿದ್ದರೆ ಎಷ್ಟು ನೀರು ಒಳನುಗ್ಗುವುದೆಂಬುದನ್ನೂ ಲೆಕ್ಕ ಹಾಕೋಣ. ಇಟಲಿಯ ಟಾರಿಚೆಲ್ಲಿ ೧೬೪೪ರಲ್ಲಿ ಪ್ರಕಟಪಡಿಸಿದ ನಿಯಮದಂತೆ, ತೂತಿನಿಂದ ಚಿಮ್ಮುವ ನೀರಿನ ವೇಗವು, ನೀರಿನ ಮೇಲ್ಮೈಯಿಂದ ತೂತಿನವರೆಗಣ ಎತ್ತರದಿಂದ ಬಿದ್ದ ಕಲ್ಲಿನ ವೇಗಕ್ಕೆ ಸಮ. ತೂತು ೬೦ ಸೆಂಟಿಮೀಟರು ಆಳದಲ್ಲಿದ್ದರೆ ಈ ವೇಗವು ಸೆಕೆಂಡಿಗೆ ಸುಮಾರು ೩.೪ ಮೀಟರು. ತೂತಿನ ವ್ಯಾಸವು ೩೮ ಮಿಲಿಮೀಟರು, ಎಂದರೆ ಒಂದೂವರೆ ಅಂಗುಲವಾದರೆ, ಅದರ ವಿಸ್ತೀರ್ಣವು ಸುಮಾರು ೧೧ ಚದರ ಸೆಂಟಿಮೀಟರು. ಹರಿವು ಸಂಕುಚಿತವಾಗುವುದರಿಂದ ಲೆಕ್ಕದ ಹತ್ತರಲ್ಲಿ ಆರು ಪಾಲು ಮಾತ್ರ ಒಳಬಂದರೂ, ಸೆಕೆಂಡಿಗೆ ೨.೩ ಲೀಟರಿನಂತೆ ನಿಮಿಷಕ್ಕೆ ೧೪೦ ಲೀಟರು ನೀರು ಬರುವುದು. ಹತ್ತು ಲೀಟರಿನ ಬಕೇಟಿನಿಂದ ಮೊಗೆದು ಹೊರಚೆಲ್ಲುವುದಾದರೆ ನಿಮಿಷಕ್ಕೆ ಹದಿನಾಲ್ಕು ಬಕೇಟು! ಬಲಿಷ್ಠನಾದ ಯುವಕನೂ ಎಷ್ಟು ನಿಮಿಷ ಈ ಕೆಲಸ ಮಾಡಿಯಾನು? ಇದೇ ವೇಗದಲ್ಲಿ ಒಂದು ಗಂಟೆ ನಡೆದರೆ ಎಂಟು ಟನ್ನುಗಳಿಗೂ ಹೆಚ್ಚು ನೀರು ಒಳಸೇರುವುದು.

ದೊಡ್ಡ ತೂತೇ ಆಗಬೇಕೆಂದಿಲ್ಲ. ಕಟ್ಟೆಗೆ ಕಟ್ಟಿ ಬಿಟ್ಟುಹೋದ ದೋಣಿಯಲ್ಲಿ ಒಂದು ಸಣ್ಣ ಸೋರಿಕೆಯಿದ್ದರೂ ಸಾಕು. ಸೇರಿದ ನೀರಿನ ಭಾರದಿಂದ ದೋಣಿ ಸ್ವಲ್ಪ ತಗ್ಗುವುದು. ತಗ್ಗಿದುದರಿಂದ ಮೇಲಿದ್ದ ಮತ್ತೊಂದು ಕಂಠವು ನೀರೊಳಗಾಗುವುದು; ಅಲ್ಲಿಂದಲೂ ನೀರು ಬರುವುದು; ದೋಣಿ ಮತ್ತಷ್ಟು ತಗ್ಗುವುದು. ಸಾಲವು ಬಡ್ಡಿಯನ್ನು ಹುಟ್ಟಿಸಿ ಆ ಬಡ್ಡಿಯೇ ಮತ್ತೆ ಸಾಲವಾಗುವಂತೆ, ಮುಳುಗುವಿಕೆಯು ಮುಳುಗುವಿಕೆಯನ್ನು ಬೆಳೆಸುವುದು. ಬಿರುಗಾಳಿಯನ್ನು ಎದುರಿಸಿ ಬಂದ ದೋಣಿಯು, ನೀರು ಕದಡದ ಕಟ್ಟೆಯ ಬಳಿ, ಕಾಯುವವರಿಲ್ಲದ ವಾರದಲ್ಲಿ ಸದ್ದಿಲ್ಲದೆ ತಳ ಸೇರಬಹುದು.

ಇನ್ನು ಸೈಫನ್ನಿನ ವಿಚಾರ. ಕೆಲವು ದೋಣಿಗಳಲ್ಲಿ ಕೈತೊಳೆಯುವ ತೊಟ್ಟಿಯೋ ಸ್ನಾನದ ಬಚ್ಚಲೋ ಜಲರೇಖೆಗಿಂತ ಕೆಳಗೇ ಇರುವುದುಂಟು. ಅಲ್ಲಿ ನೀರು ತಾನಾಗಿ ಹೋಗದು; ಪಂಪಿನಿಂದ ಮೇಲಕ್ಕೆತ್ತಿ ಹೊರದೂಡಬೇಕು. ಪಂಪು ನಿಂತಾಗ ಕೊಳವೆಯ ತುಂಬ ನೀರು ಉಳಿದು, ಅದರ ಹೊರತುದಿಯು ಸಮುದ್ರದೊಳಗಿದ್ದರೆ ಏನಾಗುವುದು? ತುಂಬಿದ ಪೀಪಾಯಿಯಿಂದ ರಬ್ಬರು ಕೊಳವೆಯ ಮೂಲಕ ನೀರೆಳೆಯುವುದನ್ನು ನೋಡಿದವರಿಗೆ ಉತ್ತರ ತಿಳಿದೇ ಇದೆ. ಸಮುದ್ರವೇ ಪೀಪಾಯಿ, ದೋಣಿಯೇ ಕೆಳಗಿಟ್ಟ ಪಾತ್ರೆ. ಪಂಪಿನ ಕವಾಟಗಳು ಬಿಗಿಯಾಗಿಲ್ಲದಿದ್ದರೆ, ನೀರನ್ನು ಹೊರಹಾಕಿದ ಅದೇ ಕೊಳವೆಯು ಸಮುದ್ರವನ್ನು ಒಳಕ್ಕೆಳೆಯತೊಡಗುವುದು. ಕೊಳವೆಯು ನಡುವೆ ಜಲರೇಖೆಗಿಂತ ಮೇಲೇರಿ ಇಳಿದಿದ್ದರೂ ಬಿಡದು.

ಇದಕ್ಕೆ ಪರಿಹಾರವೂ ಸರಳವಾದುದೇ. ದೋಣಿ ಎಷ್ಟೇ ವಾಲಿದರೂ ಜಲರೇಖೆಗಿಂತ ಮೇಲುಳಿಯುವಂತೆ ಕೊಳವೆಯನ್ನು ಎತ್ತರಕ್ಕೆ ಕೊಂಡೊಯ್ದು, ಕಮಾನಿನಂತೆ ಬಾಗಿಸಿ, ಅದರ ನೆತ್ತಿಯಲ್ಲಿ ಗಾಳಿಯನ್ನು ಒಳಕ್ಕೆ ಬಿಡುವ ಒಂದು ಚಿಕ್ಕ ಕವಾಟವನ್ನಿಡುವರು. ಪಂಪು ನಿಂತೊಡನೆ ನೆತ್ತಿಯಲ್ಲಿ ಗಾಳಿ ಸೇರಿ ನೀರಿನ ಸರಪಳಿಯನ್ನು ಕಡಿದುಹಾಕುವುದು. ಕಮಾನು ಮಾತ್ರವಿದ್ದು ಗಾಳಿಯ ಕಿಂಡಿಯಿಲ್ಲದಿದ್ದರೆ ಅದೇ ಸೈಫನ್ನಿಗೆ ತಕ್ಕ ಆಕಾರವಾಗುವುದು! ಉಪ್ಪುಗಟ್ಟಿ ಈ ಕಿಂಡಿ ಮುಚ್ಚಿಹೋದರೂ ಫಲ ಅದೇ. ತತ್ತ್ವವನ್ನು ಬಲ್ಲವನು ಕಿಂಡಿಯನ್ನು ಆಗಾಗ ಶುಚಿಮಾಡುವನು. ಅರಿಯದವನು ಅದು ತೊಟ್ಟಿಕ್ಕುವುದೆಂದು ಬೇಸತ್ತು ಮೇಣದಿಂದ ಮುಚ್ಚಿಬಿಡುವನು.

ಮನೆಯ ಸಿಂಕಿನ ಕೆಳಗೆ ಕೊಳವೆಯು ಬಾಗಿ ಅಲ್ಲಿ ಸ್ವಲ್ಪ ನೀರು ಸದಾ ನಿಲ್ಲುವುದನ್ನು ಕೆಲವರಾದರೂ ಗಮನಿಸಿರಬಹುದು. ಚರಂಡಿಯ ದುರ್ವಾಯು ಮನೆಯೊಳಕ್ಕೆ ಬರದಂತೆ ಆ ನೀರೇ ಬಾಗಿಲು. ೧೭೭೫ರಲ್ಲಿ ಲಂಡನ್ನಿನ ಗಡಿಯಾರದ ಕುಶಲಕರ್ಮಿ ಅಲೆಕ್ಸಾಂಡರ್ ಕಮಿಂಗ್ ತನ್ನ ಶೌಚಾಲಯದ ಪೇಟೆಂಟಿನಲ್ಲಿ ಈ ಬಾಗನ್ನು ಅಳವಡಿಸಿದನು. ಆದರೆ ನೀರನ್ನು ನೇರವಾಗಿ ಕಡಲಿಗೆ ಬಿಡುವ ದೋಣಿಯ ಸಿಂಕಿನಲ್ಲಿ ಈ ಬಾಗನ್ನು ಸಾಮಾನ್ಯವಾಗಿ ಇಡುವುದಿಲ್ಲ. ಮನೆಯಲ್ಲಿ ಅವಶ್ಯಕವಾದುದು ಇಲ್ಲಿ ಬೇಡವಾದುದೇಕೆ? ಹೊರತುದಿಯಲ್ಲಿ ಚರಂಡಿಯಿಲ್ಲ, ಕಡಲಿದೆ. ಕೊಳವೆಯಲ್ಲಿ ನಿಂತ ಸಮುದ್ರದ ನೀರೇ ಬಾಗಿಲಿನಂತಿದೆ. ದೋಣಿ ಹೊಯ್ದಾಡಿದಾಗ ಬಾಗಿನ ನೀರು ಚೆಲ್ಲಿಹೋಗುವುದು. ಇರುವ ಅಲ್ಪ ಇಳಿಜಾರಿನಲ್ಲಿ ಬಾಗು ಹರಿವಿಗೆ ಅಡ್ಡಿಯನ್ನೂ ಮಾಡುವುದು. ಬಳಸಿದ ನೀರನ್ನು ದೋಣಿಯಲ್ಲೇ ಒಂದು ತೊಟ್ಟಿಗೆ ಶೇಖರಿಸುವ ಏರ್ಪಾಡಿದ್ದರೆ ಮಾತ್ರ ತೊಟ್ಟಿಯ ನಾತವನ್ನು ತಡೆಯಲು ಉಪಾಯ ಬೇಕಾಗುವುದು. ಒಂದು ಕಡೆಯ ಏರ್ಪಾಡನ್ನು ಇನ್ನೊಂದು ಕಡೆಗೆ ಕಣ್ಣುಮುಚ್ಚಿ ನಕಲು ಮಾಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಲೋಹದ ಆಯ್ಕೆಯೂ ಅಷ್ಟೆ. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಹಿತ್ತಾಳೆಯ ಕವಾಟವು ಮನೆಯ ಕೊಳಾಯಿಗೆ ಒಪ್ಪುವುದು. ಹಿತ್ತಾಳೆಯಲ್ಲಿ ತಾಮ್ರದೊಡನೆ ಸತುವು ಬೆರೆತಿದೆ. ಸಮುದ್ರದ ಉಪ್ಪುನೀರಿನಲ್ಲಿ ಸತುವು ಮೆಲ್ಲನೆ ಕರಗಿಹೋಗಿ ತೂತುತೂತಾದ ತಾಮ್ರ ಉಳಿಯುವುದು. ಹೊರನೋಟಕ್ಕೆ ಕವಾಟವು ಮೊದಲಿನಂತೆಯೇ ಇರುವುದು; ತಿರುಗಿಸಲು ಕೈಹಾಕಿದಾಗ ರಸ್ಕಿನಂತೆ ಮುರಿದು ಕೈಗೆ ಬರುವುದು. ಆದುದರಿಂದ ದೋಣಿಗೆ ಕಂಚನ್ನೋ, ಸತುವು ಕರಗದಂತೆ ವಿಶೇಷವಾಗಿ ತಯಾರಿಸಿದ ಹಿತ್ತಾಳೆಯನ್ನೋ, ಗಾಜಿನೆಳೆಗಳಿಂದ ಬಲಪಡಿಸಿದ ಪ್ಲಾಸ್ಟಿಕ್ಕನ್ನೋ ಬಳಸುವರು. ಕೊಳವೆಯನ್ನು ಕಂಠಕ್ಕೆ ಬಿಗಿಯುವ ಉಕ್ಕಿನ ಪಟ್ಟಿಗಳು ಎರಡಿರುವುದು ವಾಡಿಕೆ. ಒಂದು ತುಂಡಾದರೆ ಇನ್ನೊಂದು ಹಿಡಿದಿರಲೆಂದು. ಬಲ್ಲ ನಾವಿಕರು ಪ್ರತಿಯೊಂದು ಕವಾಟದ ಪಕ್ಕದಲ್ಲಿಯೂ ಮೊನಚಾದ ಒಂದು ಮರದ ಬಿರಡೆಯನ್ನು ದಾರದಿಂದ ಕಟ್ಟಿಟ್ಟಿರುವರು. ಎಲ್ಲ ಯಂತ್ರಗಳೂ ಕೈಕೊಟ್ಟಾಗ ತೂತಿಗೆ ಬಿರಡೆಯನ್ನು ಜಡಿದರಾಯಿತು. ಮರವು ನೆನೆದು ಉಬ್ಬಿ ಮತ್ತಷ್ಟು ಬಿಗಿಯಾಗುವುದು.

ಇಷ್ಟನ್ನೆಲ್ಲ ಬಳಸುವವನು ಏಕೆ ತಿಳಿಯಬೇಕು, ನೀರು ಹಿಂದಿರುಗದಂತೆ ತಾನಾಗಿ ಮುಚ್ಚಿಕೊಳ್ಳುವ ಕವಾಟವನ್ನಿಟ್ಟರೆ ಸಾಲದೆ ಎಂಬುದು ಇಂದಿನವರ ಸಾಮಾನ್ಯವಾದ ಪ್ರಶ್ನೆ. ಅಂತಹ ಕವಾಟಗಳಿವೆ, ಅವುಗಳಿಂದ ಉಪಯೋಗವೂ ಇದೆ. ಆದರೆ ಸಿಂಕಿನಿಂದ ಹೋಗುವುದು ಶುದ್ಧವಾದ ನೀರಲ್ಲ. ಅನ್ನದ ಒಂದು ಅಗುಳು, ಚಹಾದ ಒಂದು ಎಲೆ, ಒಂದು ಕೂದಲು ಕವಾಟದ ರೆಪ್ಪೆಯ ನಡುವೆ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದು. ಬಂದ ನೀರನ್ನು ತಾನಾಗಿ ಹೊರಹಾಕುವ ವಿದ್ಯುತ್ ಪಂಪೂ ಉಂಟಲ್ಲ ಎನ್ನುವರು. ಉಂಟು, ಬ್ಯಾಟರಿಯಲ್ಲಿ ಶಕ್ತಿಯಿರುವವರೆಗೆ. ಈ ಸಾಧನಗಳನ್ನು ನಾವು ಹಳಿಯುವುದಿಲ್ಲ. ಅವು ತಿಳಿವಳಿಕೆಗೆ ಸಹಾಯಕವೇ ಹೊರತು ಅದರ ಸ್ಥಾನವನ್ನು ತುಂಬಲಾರವು ಎಂಬುದಷ್ಟೇ ನಮ್ಮ ವಾದ. ಕೈಯಿಂದ ತಿರುಗಿಸುವ ಕವಾಟ, ಮತ್ತು ಅದನ್ನು ಯಾವಾಗ ತಿರುಗಿಸಬೇಕೆಂದು ಬಲ್ಲ ತಲೆ, ಇವೆರಡೂ ಕೂಡಿದರೆ ಮಾತ್ರ ರಕ್ಷಣೆ.

ಸಾಧನವು ಉತ್ತಮವಾಗಿದ್ದು ಬಳಸುವ ಕ್ರಮ ತಪ್ಪಿದರೆ ಏನಾಗುವುದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕೊನೆಯ ದಿನಗಳ ಒಂದು ಪ್ರಸಂಗವನ್ನು ಹೇಳುವರು. ಜರ್ಮನಿಯ ಯು-೧೨೦೬ ಎಂಬ ಜಲಾಂತರ್ಗಾಮಿ ನೌಕೆಯಲ್ಲಿ, ಆಳದಲ್ಲಿರುವಾಗಲೂ ಅಧಿಕ ಒತ್ತಡದಿಂದ ಕೊಳಕನ್ನು ಹೊರದೂಡಬಲ್ಲ ಹೊಸ ಮಾದರಿಯ ಶೌಚಾಲಯವನ್ನು ಅಳವಡಿಸಿದ್ದರು. ಅದರ ಕವಾಟಗಳನ್ನು ಗೊತ್ತಾದ ಕ್ರಮದಲ್ಲಿಯೇ ತೆರೆದು ಮುಚ್ಚಬೇಕಾಗಿದ್ದಿತು. ೧೯೪೫ರ ಏಪ್ರಿಲ್ ೧೪ರಂದು ನೌಕೆಯು ಸ್ಕಾಟ್‌ಲೆಂಡಿನ ಪೀಟರ್‌ಹೆಡ್ ತೀರದಾಚೆ ಸುಮಾರು ೬೦ ಮೀಟರು ಆಳದಲ್ಲಿದ್ದಾಗ ಶೌಚಾಲಯದ ಕೊಳವೆಯಿಂದ ಸಮುದ್ರವು ಒಳನುಗ್ಗಿತೆಂಬುದು ಪ್ರಚಲಿತವಾದ ವೃತ್ತಾಂತ. ಆ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಆರು ಕಿಲೋಗ್ರಾಂ ಭಾರದ ಒತ್ತಡವಿರುವುದು. ನುಗ್ಗಿದ ಉಪ್ಪುನೀರು ಕೆಳಗಿದ್ದ ಬ್ಯಾಟರಿಗಳನ್ನು ಸೇರಿ ವಿಷಕಾರಿಯಾದ ಕ್ಲೋರೀನ್ ಅನಿಲ ಹುಟ್ಟಿತು. ನೌಕೆಯು ಮೇಲಕ್ಕೆ ಬರಬೇಕಾಯಿತು. ಅಲ್ಲಿ ಶತ್ರುವಿಮಾನದ ದಾಳಿಗೆ ಗುರಿಯಾಗಿ, ನಾವಿಕರೇ ಅದನ್ನು ಮುಳುಗಿಸಿ ಹೊರಬೀಳಬೇಕಾಯಿತು. ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಅದು ಸಿಂಕಿನ ಕೊಳವೆಯಲ್ಲ, ನಿಜ. ಆದರೆ ಎರಡಕ್ಕೂ ಅನ್ವಯಿಸುವ ನಿಯಮ ಒಂದೇ. ಶತ್ರುವಿನ ಕಣ್ಣಿಗೆ ಬೀಳದಂತೆ ಅಡಗಿದ್ದ ಯುದ್ಧನೌಕೆಯನ್ನು ಬೆಳಕಿಗೆಳೆದುದು ಒಂದು ಬಚ್ಚಲ ಮೋರಿ!

ಇಲ್ಲಿ ನಮ್ಮ ದೇಶದ ಒಂದು ಮನೋಭಾವವನ್ನು ಕುರಿತು ಎರಡು ಮಾತು ಹೇಳದಿರಲಾರೆವು. ಶುದ್ಧವಾದ ನೀರು ಬರುವ ದಾರಿಗೆ ನಾವು ಗೌರವವನ್ನು ಕೊಡುವೆವು. ಕೊಳಕು ನೀರು ಹೋಗುವ ದಾರಿಯನ್ನೂ ಅದನ್ನು ಸರಿಪಡಿಸುವ ಕೈಗಳನ್ನೂ ಕೀಳಾಗಿ ಕಾಣುವೆವು. ಮೋರಿಯ ಕೆಲಸವು ‘ಬೇರೆಯವರ’ ಕೆಲಸವೆಂಬ ಭಾವನೆ ವಿದ್ಯಾವಂತರಲ್ಲಿಯೂ ಅಳಿದಿಲ್ಲ. ಪರೀಕ್ಷೆಯಲ್ಲಿ ಟಾರಿಚೆಲ್ಲಿಯ ನಿಯಮವನ್ನು ಸಾಧಿಸಿ ಪೂರ್ಣ ಅಂಕಗಳನ್ನು ಪಡೆದ ವಿದ್ಯಾರ್ಥಿಯು, ತನ್ನ ಮನೆಯ ಸಿಂಕಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡಿರುವುದಿಲ್ಲ. ಗಾಜಿನ ನಳಿಗೆಯಲ್ಲಿರುವಾಗ ವಿಜ್ಞಾನವಾದ ನೀರು, ಬಚ್ಚಲ ಕೊಳವೆಗೆ ಇಳಿದೊಡನೆ ಹೊಲಸಾಗುವುದೆ? ನಿಯಮಗಳಿಗೆ ಮಡಿಮೈಲಿಗೆಗಳಿಲ್ಲ. ದೋಣಿಯಲ್ಲಂತೂ ಈ ಭೇದವನ್ನು ಇಟ್ಟುಕೊಂಡವನು ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಅಲ್ಲಿ ಮೋರಿಯನ್ನು ಅರಿಯದವನಿಗೆ ಕಾಲ ಕೆಳಗಣ ನೆಲವೇ ಉಳಿಯದು.

ದೋಣಿಯನ್ನು ಜವಾಬ್ದಾರಿಯಿಂದ ನಡೆಸುವವರು ಒಂದು ಹಾಳೆಯ ಮೇಲೆ ಅದರ ನಕ್ಷೆಯನ್ನು ಬರೆದು, ಒಡಲಿನಲ್ಲಿರುವ ಪ್ರತಿಯೊಂದು ತೂತನ್ನೂ ಅದರ ಕವಾಟವನ್ನೂ ಗುರುತಿಸಿ, ಹತ್ತಿದವರೆಲ್ಲರಿಗೂ ತೋರಿಸುವರು. ಕತ್ತಲೆಯಲ್ಲಿ ಕೈಯಿಂದ ತಡವಿಯೂ ಕವಾಟವನ್ನು ಮುಚ್ಚಬಲ್ಲಷ್ಟು ಪರಿಚಯವಿರಬೇಕೆಂದು ಬಯಸುವರು. ಕವಾಟವು ಬಿಗಿದುಕೊಳ್ಳದಂತೆ ಆಗಾಗ ತಿರುಗಿಸಿ ನೋಡುವರು. ಇದರಲ್ಲಿ ಖರ್ಚಿಲ್ಲ, ವಿಶೇಷ ಪಾಂಡಿತ್ಯವೂ ಬೇಡ; ನಮ್ಮ ಕಾಲ ಕೆಳಗೆ ಏನಿದೆಯೆಂದು ತಿಳಿಯುವ ಇಚ್ಛೆಯೊಂದು ಬೇಕು.

ನಮ್ಮ ಶಾಲೆಗಳಲ್ಲಿಯೂ ಇಂತಹ ಒಂದು ಅಭ್ಯಾಸವನ್ನು ಏಕೆ ಕೊಡಬಾರದು? ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಬಚ್ಚಲ ನೀರು ಯಾವ ಕೊಳವೆಯಿಂದ, ಎಷ್ಟು ಇಳಿಜಾರಿನಲ್ಲಿ, ಯಾವ ಬಾಗನ್ನು ದಾಟಿ, ಎಲ್ಲಿಗೆ ಸೇರುವುದೆಂಬುದನ್ನು ಕಣ್ಣಾರೆ ನೋಡಿ ನಕ್ಷೆ ಬರೆಯಲಿ. ಹೊರಗಣ ಮಟ್ಟ ಎಷ್ಟು ಏರಿದರೆ ಆ ನೀರು ಹಿಂದಿರುಗುವುದೆಂದು ಲೆಕ್ಕ ಹಾಕಲಿ. ಅದರಿಂದ ಸ್ಟೆವಿನ್ನನೂ ಟಾರಿಚೆಲ್ಲಿಯೂ ಪುಸ್ತಕದ ಹೆಸರುಗಳಾಗಿ ಉಳಿಯದೆ ಮನೆಯ ನೆಂಟರಾಗುವರು. ಹಾಗೆ ಕಲಿತವರು ಮುಂದೆ ದೋಣಿಯನ್ನೇರಿದರೆ ಸಿಂಕಿನ ಕೆಳಗಣ ಕವಾಟವನ್ನು ಮೊದಲು ಹುಡುಕುವರು; ಊರಿನ ಆಡಳಿತದಲ್ಲಿ ಕುಳಿತರೆ ರಾಜಕಾಲುವೆಯ ಮಟ್ಟವನ್ನು ಮೊದಲು ಕೇಳುವರು. ನೀರನ್ನು ಹೊರಕ್ಕೆ ಕಳುಹಿಸುವ ಮೊದಲು ಅದು ಹಿಂದಿರುಗಿ ಬರುವ ದಾರಿಯನ್ನು ಯೋಚಿಸುವುದೇ ಜಾಣತನ. ಆ ಜಾಣತನವನ್ನು ಕಲಿಯಲು ಸಿಂಕಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರೂ ಸಾಕು.